ವಾಟರ್‌ಲೂ (1970): ನೆಲ ಕಂಡಿತು, ಹೊತ್ತು ಕಾಣಲಿಲ್ಲ

‘ವಾಟರ್‌ಲೂ’ ಸಿನಿಮಾದ ಬಗ್ಗೆ, ಹೆಲಿಕಾಪ್ಟರ್‌ನಿಂದ ತೆಗೆದ ಒಂದು ಶಾಟ್‌ನಿಂದಲೇ ಮಾತು ಶುರುಮಾಡಬೇಕು. ಕೆಳಗೆ ತುಳಿದು ಹಾಳಾದ ಹೊಲ. ಅದರ ಮೇಲೆ ಕೆಂಪು ಕೋಟಿನ ಕಾಲಾಳುಗಳು ಚೌಕ ಚೌಕವಾಗಿ ನಿಂತಿದ್ದಾರೆ. ಒಂದಾದ ಮೇಲೊಂದು, ಕ್ಯಾಮೆರಾ ಎಷ್ಟು ಮುಂದೆ ಸರಿದರೂ ಚೌಕಗಳು ಮುಗಿಯುವುದಿಲ್ಲ. ಫ್ರೆಂಚ್ ಕುದುರೆ ದಳ ಅವುಗಳ ನಡುವೆ ನುಗ್ಗುತ್ತದೆ. ಒಡೆದ ಕಾಲುವೆಯ ನೀರು ಬದುಗಳನ್ನು ಬಳಸಿಕೊಂಡು ಗದ್ದೆಗೆ ಹರಿದ ಹಾಗೆ, ಸಾವಿರಾರು ಕುದುರೆಗಳು ಚೌಕಗಳನ್ನು ಬಳಸಿ, ಸುತ್ತಿ, ಮತ್ತೆ ಕೂಡಿಕೊಂಡು ಹರಿಯುತ್ತವೆ. ಕಂಪ್ಯೂಟರಿನಲ್ಲಿ ಬರೆದ ಒಂದು ಗೆರೆಯೂ ಅದರಲ್ಲಿಲ್ಲ. ಅಲ್ಲಿ ಕಾಣುವ ಪ್ರತಿ ಚುಕ್ಕಿಯೂ ಒಬ್ಬ ಮನುಷ್ಯ ಇಲ್ಲವೇ ಒಂದು ಕುದುರೆ. ಯುದ್ಧದ ಸಿನಿಮಾಗಳಲ್ಲಿ ಇದಕ್ಕೆ ಸರಿಗಟ್ಟುವ ದೃಶ್ಯ ಅದಕ್ಕೂ ಮುಂಚೆ ಕಡಿಮೆ, ಆಮೇಲಂತೂ ಬಂದಿಲ್ಲ ಎಂದೇ ಹೇಳಬಹುದು.

ಸೆರ್ಗೈ ಬೊಂಡಾರ್ಚುಕ್ ನಿರ್ದೇಶನ, ಇಟಲಿಯ ಡಿನೋ ಡಿ ಲಾರೆಂಟಿಸ್ ನಿರ್ಮಾಣ, ಸೋವಿಯತ್ ಒಕ್ಕೂಟದ ಮಾಸ್‌ಫಿಲ್ಮ್ ಜೊತೆಗೂಡಿಕೆ. ಫ್ರೆಂಚ್ ಚಕ್ರವರ್ತಿ ನೆಪೋಲಿಯನ್ ಪಾತ್ರದಲ್ಲಿ ರಾಡ್ ಸ್ಟೈಗರ್, ಅವನ ಎದುರಾಳಿ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಪಾತ್ರದಲ್ಲಿ ಕ್ರಿಸ್ಟೋಫರ್ ಪ್ಲಮರ್, ಸಂಗೀತ ನಿನೊ ರೋಟ. ಎರಡು ಗಂಟೆ ಹದಿನೈದು ನಿಮಿಷದ ಆಸುಪಾಸಿನ ಸಿನಿಮಾ. 1814ರಲ್ಲಿ ನೆಪೋಲಿಯನ್ ಸಿಂಹಾಸನ ಬಿಡುವುದರಿಂದ ಶುರುವಾಗಿ, ಎಲ್ಬಾ ದ್ವೀಪದಿಂದ ಅವನು ಮರಳಿ ಬರುವುದನ್ನು ದಾಟಿ, 1815ರ ಜೂನ್ 18ರ ಸಂಜೆಗೆ ಮುಗಿಯುತ್ತದೆ. ಹೆಚ್ಚುಕಡಿಮೆ ಅರ್ಧ ಸಿನಿಮಾ ಆ ಒಂದೇ ದಿನ, ಈಗಿನ ಬೆಲ್ಜಿಯಂನ ವಾಟರ್‌ಲೂ ಬಳಿ ನೆಪೋಲಿಯನ್ ಸೋತ ಕಾಳಗ.

ಚಿತ್ರೀಕರಣ ನಡೆದದ್ದು ಬೆಲ್ಜಿಯಂನಲ್ಲಲ್ಲ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಉಜ್‌ಹೊರೊದ್ ಊರಿನ ಹತ್ತಿರ. ಅಲ್ಲಿ ಎರಡು ಗುಡ್ಡಗಳನ್ನು ಬುಲ್ಡೋಜರಿನಲ್ಲಿ ತಟ್ಟಿ ಬೇಕಾದ ಇಳಿಜಾರು ಮಾಡಿಕೊಂಡರು. ಐದು ಮೈಲಿ ರಸ್ತೆ ಹಾಕಿದರು. ಸುಮಾರು 5,000 ಮರಗಳನ್ನು ಬೇರೆಡೆಯಿಂದ ತಂದು ನೆಟ್ಟರು. ರೈ, ಬಾರ್ಲಿ ಬಿತ್ತಿ ಪೈರು ಬೆಳೆಸಿದರು. ಕಾಳಗದ ಹಿಂದಿನ ರಾತ್ರಿ ಸುರಿದ ಮಳೆಯ ಕೆಸರು ಬೇಕಲ್ಲ, ಅದಕ್ಕಾಗಿ ಆರು ಮೈಲಿಗೂ ಹೆಚ್ಚು ಉದ್ದದ ನೀರಿನ ಪೈಪನ್ನು ನೆಲದೊಳಗೆ ಹೂತರು. ಸೋವಿಯತ್ ಸೈನ್ಯದಿಂದ ಹದಿನೈದು ಸಾವಿರಕ್ಕೂ ಹೆಚ್ಚು ಕಾಲಾಳುಗಳು, ಎರಡು ಸಾವಿರದಷ್ಟು ಸವಾರರು ಬಂದರು. ಬಂದವರಿಗೆ ತಿಂಗಳುಗಟ್ಟಲೆ 1815ರ ಕವಾಯತು ಕಲಿಸಿದರು: ಸಾಲಿನಿಂದ ಚೌಕಕ್ಕೆ ಹೇಗೆ ತಿರುಗಬೇಕು, ಬಂದೂಕಿಗೆ ಮದ್ದು ಹೇಗೆ ತುಂಬಬೇಕು, ಫಿರಂಗಿಯ ಹತ್ತಿರ ಯಾರು ಎಲ್ಲಿ ನಿಲ್ಲಬೇಕು. ಐದು ಪ್ಯಾನಾವಿಷನ್ ಕ್ಯಾಮೆರಾಗಳು ಒಟ್ಟಿಗೇ ಓಡುತ್ತಿದ್ದವು. ನೆಲದ ಮೇಲೆ, ನೂರು ಅಡಿ ಎತ್ತರದ ಅಟ್ಟಣೆಗಳ ಮೇಲೆ, ಹೆಲಿಕಾಪ್ಟರಿನಲ್ಲಿ.

ಈ ಲೆಕ್ಕವೆಲ್ಲ ಬರಿಯ ಜಾಹೀರಾತಿನ ಸರಕಾಗಿದ್ದರೆ ಇಲ್ಲಿ ಹೇಳುವ ಅಗತ್ಯ ಇರಲಿಲ್ಲ. ಅದು ತೆರೆಯ ಮೇಲೆ ಕಾಣುತ್ತದೆ, ಅದಕ್ಕೇ ಹೇಳಿದ್ದು. ಕವಾಯತು ಕಲಿತ ಸೈನಿಕ ಗುಂಪಿನಲ್ಲಿ ನಡೆಯುವ ರೀತಿಯೇ ಬೇರೆ. ದಿನಗೂಲಿಗೆ ಕರೆತಂದ ಜನ ಕ್ಯಾಮೆರಾ ಕಡೆ ನೋಡುತ್ತಾರೆ, ಪಕ್ಕದವನ ಹೆಜ್ಜೆ ತಪ್ಪಿದರೆ ತಾವೂ ತಪ್ಪುತ್ತಾರೆ. ಇಲ್ಲಿ ಫ್ರೆಂಚ್ ಪಡೆಯ ಉದ್ದನೆಯ ಸಾಲುಗಳು ತಮಟೆಯ ಪೆಟ್ಟಿಗೆ ಇಳಿಜಾರು ಇಳಿಯುವಾಗ, ಹೊಲದ ಏರುತಗ್ಗಿಗೆ ತಕ್ಕಂತೆ ಇಡೀ ಸಾಲು ಸಣ್ಣಗೆ ಬಳುಕುತ್ತದೆ, ಮುರಿಯುವುದಿಲ್ಲ. ಆ ಬಳುಕನ್ನು ಕಂಪ್ಯೂಟರಿನಲ್ಲಿ ಮಾಡಿದ ಸೈನ್ಯದಲ್ಲಿ ಎಷ್ಟು ಹುಡುಕಿದರೂ ಸಿಗದು.

ನೆಲದ ವಿಷಯಕ್ಕೆ ಬಂದರೆ, ಇನ್ನೊಂದು ಕಾರಣಕ್ಕೂ ಈ ಸಿನಿಮಾಗೆ ಬೆಲೆ ಇದೆ. ನಿಜವಾದ ವಾಟರ್‌ಲೂ ಮೈದಾನಕ್ಕೆ ಇವತ್ತು ಹೋದರೆ 1815ರ ದಿಬ್ಬ ಹಾಗೇ ಸಿಗುವುದಿಲ್ಲ. 1820ರ ದಶಕದಲ್ಲಿ ಅಲ್ಲಿ ಸಿಂಹದ ಗುಡ್ಡ ಎಂಬ ನಲವತ್ತು ಮೀಟರಿಗೂ ಎತ್ತರದ ಸ್ಮಾರಕ ಕಟ್ಟಲು ಅದೇ ದಿಬ್ಬದ ಮಣ್ಣನ್ನು ಕೆರೆದು ಸಾಗಿಸಿದರು. ವೆಲ್ಲಿಂಗ್ಟನ್ ಯಾವ ಏರಿನ ಹಿಂದೆ ತನ್ನ ಜನರನ್ನು ಬಚ್ಚಿಟ್ಟನೋ ಆ ಏರು ಅಲ್ಲಿ ಸವೆದುಹೋಗಿದೆ. ಉಕ್ರೇನಿನಲ್ಲಿ ಹೊಸದಾಗಿ ಮಾಡಿದ ನೆಲ ಅಳತೆಯಲ್ಲಿ ಅಚ್ಚುಕಟ್ಟಲ್ಲ, ಬಯಲು ಮೂಲಕ್ಕಿಂತ ಹರವಾಗಿ ಕಾಣುತ್ತದೆ. ಆದರೂ ಒಂದು ದಿಬ್ಬ, ಎದುರಿಗೊಂದು ದಿಬ್ಬ, ನಡುವೆ ತಗ್ಗು ಎಂಬ ಮೂಲ ಲೆಕ್ಕ ಕಣ್ಣಿಗೆ ಸಿಗುತ್ತದೆ.

ವೆಲ್ಲಿಂಗ್ಟನ್‌ಗೂ ನೆಲಕ್ಕೂ ಇದ್ದ ನಂಟು ಕನ್ನಡಿಗರಿಗೆ ಹತ್ತಿರದ ಕತೆ. ಆತ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆಯ ತೋಪಿಗೆ ಕತ್ತಲಲ್ಲಿ ನುಗ್ಗಿ ದಾರಿ ತಪ್ಪಿ, ಟಿಪ್ಪುವಿನ ಜನರಿಂದ ಪೆಟ್ಟು ತಿಂದು ಹಿಂದೆ ಬಂದ. ಹಗಲಲ್ಲಿ ಜಾಗ ನೋಡಿಕೊಳ್ಳದೆ ರಾತ್ರಿ ಯಾವ ನೆಲೆಯ ಮೇಲೂ ಬೀಳಬಾರದು ಎಂದು ಅಲ್ಲಿಂದ ನಿಶ್ಚಯ ಮಾಡಿಕೊಂಡ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ಅವನ ಕೈಗೆ ಬಂತು. ಮರುವರ್ಷ ಬಂಡುಕೋರ ಧೋಂಡಿಯಾ ವಾಘನ ಬೆನ್ನು ಹತ್ತಿ ಉತ್ತರ ಕರ್ನಾಟಕದ ಉದ್ದಗಲ ಅಲೆದ. ಪ್ಲಮರ್ ಕುದುರೆಯ ಮೇಲೆ ಕೂತು ಸುಮ್ಮನೆ ಎದುರಿನ ಹೊಲ ನೋಡುತ್ತಾರಲ್ಲ, ಆ ನೋಟದಲ್ಲಿ ಈ ಹಳೆಯ ಅನುಭವ ಇದೆ ಎಂದುಕೊಂಡು ನೋಡಿ, ಪಾತ್ರ ಇನ್ನಷ್ಟು ಗಟ್ಟಿಯಾಗುತ್ತದೆ. ಸಿನಿಮಾ ಈ ಹಿನ್ನೆಲೆಯೊಳಗೆ ಇಳಿಯುವುದಿಲ್ಲ.

ಆ ದಿಬ್ಬದ ಉಪಯೋಗವನ್ನು ಸಿನಿಮಾ ಒಂದೇ ಆಜ್ಞೆಯಲ್ಲಿ ತೋರಿಸಿಬಿಡುತ್ತದೆ. ಫಿರಂಗಿ ಗುಂಡು ಹೆಚ್ಚಾದಾಗ ವೆಲ್ಲಿಂಗ್ಟನ್ ತನ್ನ ಸಾಲುಗಳನ್ನು ನೂರು ಹೆಜ್ಜೆ ಹಿಂದಕ್ಕೆ ಸರಿಸುತ್ತಾನೆ. ಅಂದರೆ ದಿಬ್ಬದ ಆಚೆ ಬದಿಗೆ, ಗುಂಡು ನೇರವಾಗಿ ತಾಗದ ಕಡೆಗೆ. ಎದುರಿನಿಂದ ನೋಡುವ ಫ್ರೆಂಚ್ ಸೇನಾನಿ ಮಾರ್ಷಲ್ ನೇಗೆ ಅದು ಓಡಿಹೋಗುವಂತೆ ಕಾಣುತ್ತದೆ. ಅವನು ಕುದುರೆ ದಳವನ್ನು ಹಾಯಿಸುತ್ತಾನೆ. ದಿಬ್ಬ ಹತ್ತಿ ಆಚೆ ಇಳಿದರೆ ಓಡುವ ಸೈನ್ಯ ಇಲ್ಲ, ಬಾಯ್ನೆಟ್ಟಿನ (ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿಯ) ಚೌಕಗಳು ಕಾದಿವೆ. ಕಾರಣ, ತಪ್ಪು, ಫಲ ಮೂರೂ ಮಾತಿನ ವಿವರಣೆಯಿಲ್ಲದೆ ಕಣ್ಣಿಗೇ ತಿಳಿಯುತ್ತವೆ. ಇಡೀ ಸಿನಿಮಾದಲ್ಲಿ ಯುದ್ಧವನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದ ಭಾಗ ಇದು.

ಚೌಕವ್ಯೂಹ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಈ ಭಾಗದ ರುಚಿ ದುಪ್ಪಟ್ಟು. ಒಂದು ಬೆಟಾಲಿಯನ್ ಅಂದರೆ ಐನೂರು ಆರುನೂರು ಜನ. ಅವರು ನಾಲ್ಕು ಸಾಲು ದಪ್ಪದ ಗೋಡೆಯಾಗಿ ನಾಲ್ಕು ದಿಕ್ಕಿಗೂ ಮುಖ ಮಾಡಿ ನಿಲ್ಲುತ್ತಾರೆ. ಮುಂದಿನವರು ಮಂಡಿಯೂರಿ ಬಂದೂಕಿನ ಹಿಡಿಯನ್ನು ನೆಲಕ್ಕೊತ್ತಿ ಬಾಯ್ನೆಟ್ಟನ್ನು ಓರೆಯಾಗಿ ಹಿಡಿಯುತ್ತಾರೆ. ಹಿಂದಿನವರು ಗುಂಡು ಹಾರಿಸುತ್ತಾರೆ. ಆ ಕಾಲದ ಬಂದೂಕಿನಿಂದ ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು ಗುಂಡು. ನೂರು ಗಜ ದಾಟಿದರೆ ಗುರಿ ನೆಚ್ಚುವಂತಿಲ್ಲ. ಆದ್ದರಿಂದ ಚೌಕವನ್ನು ಕಾಯುವುದು ಗುಂಡಿಗಿಂತ ಹೆಚ್ಚಾಗಿ ಕುದುರೆಯ ಸ್ವಭಾವ. ಸವಾರ ಎಷ್ಟೇ ಒದ್ದರೂ ಕುದುರೆ ಮೊನೆಗಳ ಗೋಡೆಗೆ ಎದೆ ಕೊಡುವುದಿಲ್ಲ. ಪಕ್ಕಕ್ಕೆ ಜರುಗಿ ಖಾಲಿ ಜಾಗ ಹುಡುಕಿಕೊಂಡು ಓಡುತ್ತದೆ. ಕ್ಯಾಮೆರಾ ಕೆಳಗಿಳಿದು ಚೌಕದ ಮೂಲೆಗೆ ಬಂದಾಗ ಇದನ್ನೇ ಗಮನಿಸಿ. ಅಲ್ಲಿನ ಕುದುರೆಗಳಿಗೆ ನಟನೆ ಗೊತ್ತಿಲ್ಲ. ನಿಜವಾದ ಮೊನೆಗಳನ್ನು ಕಂಡು ನಿಜವಾಗಿ ಕತ್ತು ತಿರುಗಿಸುತ್ತವೆ.

ಚೌಕವನ್ನು ಒಡೆಯಬೇಕಾದರೆ ಕುದುರೆಯ ಜೊತೆ ಫಿರಂಗಿ, ಕಾಲಾಳು ಎರಡೂ ಬರಬೇಕು. ದಟ್ಟವಾಗಿ ನಿಂತ ಜನ ಫಿರಂಗಿಗೆ ಸುಲಭದ ಗುರಿ. ಕುದುರೆಗೆ ಹೆದರಿ ಅವರು ಹರಡುವಂತಿಲ್ಲ, ಫಿರಂಗಿಗೆ ಹೆದರಿ ನಿಂತಿರುವಂತಿಲ್ಲ. ನೇ ಆ ಹೊತ್ತಿಗೆ ಬೇಕಾದಷ್ಟು ಕಾಲಾಳನ್ನು ಜೊತೆಗೆ ಒಯ್ಯಲಿಲ್ಲ. ಹೊಟ್ಟೆನೋವಿನಿಂದ ಹಿಂದೆ ಸರಿದಿದ್ದ ನೆಪೋಲಿಯನ್ ಮರಳಿ ಬಂದು ಇದನ್ನು ಕಂಡು ಸಿಡಿದು ಬೀಳುವ ದೃಶ್ಯ ಇದೆ. ಸ್ಟೈಗರ್ ಅಬ್ಬರ ಸರಿಯಾಗಿ ಕೂತಿರುವ ಜಾಗ ಅದು. ಆದರೆ ಇನ್ನೊಂದು ತಪ್ಪಿನ ಮೇಲೆ ಸಿನಿಮಾ ಬೆಳಕು ಚೆಲ್ಲುವುದಿಲ್ಲ. ಬ್ರಿಟಿಷ್ ಫಿರಂಗಿಗಳು ದಿಬ್ಬದ ಮೇಲೆ ಚೌಕಗಳ ಮುಂದೆ ಇದ್ದವು. ಸವಾರರು ಬಂದಾಗ ಗೋಲಂದಾಜರು ಚೌಕದೊಳಗೆ ಓಡಿಬಂದು ಅಡಗುತ್ತಿದ್ದರು. ಸವಾರರು ಹಿಂದೆ ಸರಿದ ಕೂಡಲೇ ಮತ್ತೆ ಓಡಿಹೋಗಿ ಅವರ ಬೆನ್ನಿಗೆ ಗುಂಡು ಹಾಕುತ್ತಿದ್ದರು. ಫಿರಂಗಿಯ ಬೆಂಕಿ ಹಚ್ಚುವ ತೂತಿಗೆ ಒಂದೊಂದು ಮೊಳೆ ಬಡಿದಿದ್ದರೆ ಅವು ಕೆಲಸಕ್ಕೆ ಬಾರದಂತಾಗುತ್ತಿದ್ದವು. ಆ ಕೆಲಸವನ್ನು ಫ್ರೆಂಚರು ಮಾಡಲಿಲ್ಲ. ನಿಜದಲ್ಲಿ ಈ ದಾಳಿ ಮಧ್ಯಾಹ್ನ ನಾಲ್ಕರ ಸುಮಾರಿಗೆ ಶುರುವಾಗಿ ಎರಡು ಗಂಟೆಯಷ್ಟು ಕಾಲ, ಅಲೆಯ ಮೇಲೆ ಅಲೆಯಾಗಿ ನಡೆಯಿತು. ತೆರೆಯ ಮೇಲೆ ಒಂದೇ ದೊಡ್ಡ ಸುಳಿಯ ಹಾಗೆ ಕಾಣುತ್ತದೆ. ಎಷ್ಟು ಸಲ ಬಂದರು, ಎಷ್ಟು ಸಲ ಹೋದರು ಎಂಬ ಎಣಿಕೆ ಸಿಗುವುದಿಲ್ಲ. ಇನ್ನೂ ಒಂದು ಮಾತು: ಅಷ್ಟು ಕೆಸರಿನಲ್ಲಿ, ಅಷ್ಟು ಒತ್ತೊತ್ತಾಗಿ ಬಂದ ಭಾರಿ ಕುದುರೆಗಳು ಓಡಿಬರಲು ಸಾಧ್ಯವಿರಲಿಲ್ಲ. ಹೆಚ್ಚಿನ ಹೊತ್ತು ಕುಕ್ಕುಲೋಟದಲ್ಲೇ ಬಂದವು. ಸಿನಿಮಾದಲ್ಲಿ ನಾಗಾಲೋಟ.

ಬ್ರಿಟಿಷರ ಸ್ಕಾಟ್ಸ್ ಗ್ರೇಸ್ ಸವಾರರ ದಾಳಿಯೂ ಇದೇ ರೀತಿ. ಬಿಳಿಬೂದು ಕುದುರೆಗಳು ಸ್ಲೋ ಮೋಷನ್ನಿನಲ್ಲಿ, ತೆರೆ ತುಂಬ, ನೋಡುವವರ ಕಡೆಗೇ ಬರುತ್ತವೆ. ಲೇಡಿ ಬಟ್ಲರ್ 1881ರಲ್ಲಿ ಬರೆದ ಹೆಸರಾಂತ ಚಿತ್ರಕ್ಕೆ ಜೀವ ಬಂದ ಹಾಗೆ ಇದೆ. ಅಂದವೇ, ಅನುಮಾನ ಇಲ್ಲ. ಆದರೆ ನಿಜವಾದ ದಾಳಿ ದಿಬ್ಬದ ಹಿಂದಿನಿಂದ, ತಮ್ಮದೇ ಕಾಲಾಳುಗಳ ಸಾಲನ್ನು ತೂರಿಕೊಂಡು, ಕೆಸರಿನ ಇಳಿಜಾರಿನಲ್ಲಿ ಆದದ್ದು. ಅಂಥ ಓಟಕ್ಕೆ ಅಲ್ಲಿ ಜಾಗವೂ ಇರಲಿಲ್ಲ, ನೆಲವೂ ಇರಲಿಲ್ಲ. ಅದರ ಮುಂದಿನ ಭಾಗವನ್ನು ಮಾತ್ರ ಸಿನಿಮಾ ಸರಿಯಾಗಿ ಹಿಡಿದಿದೆ: ಗೆದ್ದ ಹುಮ್ಮಸ್ಸಿನಲ್ಲಿ ಹಿಂದಕ್ಕೆ ಕರೆದರೂ ಕೇಳದೆ ಫ್ರೆಂಚ್ ಫಿರಂಗಿಗಳವರೆಗೆ ಓಡಿದ್ದು, ದಣಿದ ಕುದುರೆಗಳ ಮೇಲೆ ಈಟಿ ಹಿಡಿದ ಫ್ರೆಂಚ್ ಸವಾರರು ಬಿದ್ದದ್ದು, ದಳದ ನಾಯಕ ಪಾನ್ಸನ್‌ಬಿ ಸತ್ತದ್ದು. ಸಾಯುವ ಮುಂಚೆ ಪಾನ್ಸನ್‌ಬಿ ತನ್ನ ತಂದೆಯೂ ಹೀಗೇ ಈಟಿಯವರ ಕೈಗೆ ಸಿಕ್ಕಿ ಸತ್ತ ಎಂದು ಹೇಳುವ ಮಾತು ಮಾತ್ರ ಕಟ್ಟುಕತೆ. ಆ ತಂದೆ ರಾಜಕಾರಣಿ, ರಣರಂಗದಲ್ಲಿ ಸತ್ತವರಲ್ಲ. ಅಷ್ಟು ದೊಡ್ಡ ಸಾವಿಗೆ ಅಂಥ ಮುನ್ಸೂಚನೆಯ ಊರುಗೋಲು ಬೇಕಿರಲಿಲ್ಲ.

ನಟನೆಯಲ್ಲಿ ಎರಡು ದಾರಿಗಳು ಎದುರುಬದುರಾಗಿವೆ. ಸ್ಟೈಗರ್ ಪಿಸುಗುಟ್ಟುತ್ತಾರೆ, ಮರುಕ್ಷಣ ಗುಡುಗುತ್ತಾರೆ, ಬೆವರುತ್ತಾರೆ, ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಶುರುವಿನಲ್ಲಿ ಮಾರ್ಷಲ್‌ಗಳು ಸಿಂಹಾಸನ ಬಿಡಿ ಎಂದು ಒತ್ತಾಯಿಸುವ ದೃಶ್ಯದಲ್ಲಿ ಈ ಏರಿಳಿತ ಮಿತಿಮೀರಿದೆ. ಕತೆ ಏನೆಂದು ತಿಳಿಯುವ ಮುಂಚೆಯೇ ಅಬ್ಬರ ಎದುರಾಗುವುದರಿಂದ ನೋಡುವವರು ಹಿಂದೆ ಸರಿಯುತ್ತಾರೆ. ಎಲ್ಬಾದಿಂದ ಮರಳಿ ಬಂದು, ತನ್ನನ್ನು ಹಿಡಿಯಲು ಬಂದ ಪಡೆಯ ಮುಂದೆ ಒಬ್ಬನೇ ನಡೆದುಬರುವ ದೃಶ್ಯದಲ್ಲಿ ಅದೇ ನಟ ಏನೂ ಮಾಡದೆ ಗೆಲ್ಲುತ್ತಾರೆ. ಬಂದೂಕುಗಳು ಎತ್ತಿ ಹಿಡಿದಿವೆ. ಅವನು ನಡೆಯುತ್ತಲೇ ಇದ್ದಾನೆ. ಗಾಳಿಯಲ್ಲಿ ಕೋಟು ಅಲುಗುತ್ತಿದೆ. ಅಷ್ಟೇ. ಇತಿಹಾಸದಲ್ಲಿ ಲಾಫ್ರೆ ಎಂಬಲ್ಲಿ ಐದನೇ ರೆಜಿಮೆಂಟಿನವರು ಎದುರಾದದ್ದು 1815ರ ಮಾರ್ಚ್ 7ರಂದು, ಮಾರ್ಷಲ್ ನೇ ನೆಪೋಲಿಯನ್ ಕಡೆ ವಾಲಿದ್ದು ಒಂದು ವಾರದ ಮೇಲೆ ಬೇರೆ ಊರಿನಲ್ಲಿ. ಸಿನಿಮಾ ಎರಡನ್ನೂ ಒಂದೇ ರಸ್ತೆಯ ಮೇಲೆ ತಂದು ನಿಲ್ಲಿಸಿದೆ. ಇದು ಕೆಡಿಸಿದ ಬದಲಾವಣೆಯಲ್ಲ. ಹತ್ತು ನಿಮಿಷದಲ್ಲಿ ಎರಡು ಸಂಗತಿಯ ತಿರುಳು ಸಿಗುತ್ತದೆ.

ಪ್ಲಮರ್ ದಾರಿ ತಣ್ಣಗಿನದು. ಅರ್ಧ ರೆಪ್ಪೆ ಮುಚ್ಚಿದ ಕಣ್ಣು, ಚುಟುಕು ಮಾತು. ಬ್ರಸೆಲ್ಸ್‌ನಲ್ಲಿ ಡಚೆಸ್ ಆಫ್ ರಿಚ್ಮಂಡ್ ಕೊಟ್ಟ ನೃತ್ಯಕೂಟದಲ್ಲಿ ಸುದ್ದಿ ಬಂದಾಗ ಮುಖದ ಸ್ನಾಯು ಅಲ್ಲಾಡದೆ ನಕ್ಷೆ ಕೇಳುವ ರೀತಿ ನೋಡಬೇಕು. ಆ ನೃತ್ಯಕೂಟ ನಿಜವಾಗಿ ಜೂನ್ 15ರ ರಾತ್ರಿ ನಡೆದದ್ದು. ಹಾಗೆಯೇ ಆರ್ಸನ್ ವೆಲ್ಸ್ ಫ್ರಾನ್ಸಿನ ದೊರೆ ಹದಿನೆಂಟನೇ ಲೂಯಿಯಾಗಿ ಬರುವುದು ಚೂರುಪಾರು ಹೊತ್ತು ಮಾತ್ರ. ಮೈಭಾರ ಹೊತ್ತು ಮೆಟ್ಟಿಲಿಳಿದು ಸಾರೋಟಿನ ಕಡೆಗೆ ನಡೆಯುವ ಆ ಮುದಿ ದೊರೆಯ ಒಂದೊಂದು ಹೆಜ್ಜೆಯಲ್ಲೂ ಓಡಿಹೋಗಬೇಕಾದ ಅವಮಾನ ಇದೆ.

ದೊಡ್ಡ ಕೊರತೆ ಕಾಲದ್ದು. ಈ ಕಾಳಗದ ಜೀವಾಳವೇ ಗಡಿಯಾರ. ಹಿಂದಿನ ರಾತ್ರಿಯ ಮಳೆಗೆ ನೆಲ ಮೆದುವಾಗಿ ಫಿರಂಗಿ ಎಳೆಯುವುದು ಕಷ್ಟ, ಗುಂಡು ನೆಲಕ್ಕೆ ಬಡಿದು ಪುಟಿಯದೆ ಕೆಸರಿನಲ್ಲಿ ಹೂತುಹೋಗುತ್ತದೆ ಎಂದು ನೆಪೋಲಿಯನ್ ಬೆಳಗ್ಗೆ ಕಾದ. ಕಾಳಗ ಶುರುವಾದದ್ದು ಹನ್ನೊಂದೂವರೆಯ ಸುಮಾರಿಗೆ. ಅಷ್ಟು ಹೊತ್ತು ಕಾದದ್ದರ ಬೆಲೆ ವೆಲ್ಲಿಂಗ್ಟನ್ ಜೊತೆಗಾರರಾದ ಪ್ರಷ್ಯನ್ನರ (ಜರ್ಮನ್ ನಾಡಾದ ಪ್ರಷ್ಯದವರ) ರೂಪದಲ್ಲಿ ಬಂತು. ಎರಡು ದಿನ ಮುಂಚೆ ಲಿನ್ಯಿಯಲ್ಲಿ ಸೋತರೂ ಚದುರದೆ, 72 ವಯಸ್ಸಿನ ಬ್ಲೂಷರ್ ನೇತೃತ್ವದಲ್ಲಿ ಅವರು ವಾವ್ರ್ ಕಡೆಯಿಂದ ಕೆಸರು ದಾರಿಯಲ್ಲಿ ಬರುತ್ತಿದ್ದರು. ಅವರನ್ನು ತಡೆಯಲೆಂದು ನೆಪೋಲಿಯನ್ ಕಳಿಸಿದ್ದ ಮಾರ್ಷಲ್ ಗ್ರೂಶಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಬೇರೆ ಕಡೆ ಇದ್ದ.

ಸಿನಿಮಾ ಇದನ್ನೆಲ್ಲ ಮಾತಿನಲ್ಲಿ ಹೇಳುತ್ತದೆ. ದೂರದ ಕಾಡಿನಂಚಿನಲ್ಲಿ ಪ್ರಷ್ಯನ್ನರು ಕಂಡರು ಎನ್ನುತ್ತದೆ, ಗ್ರೂಶಿಯ ಕೈಕೆಳಗಿನ ಜೆರಾರ್ ಫಿರಂಗಿ ಸದ್ದಿನ ಕಡೆ ಹೋಗೋಣ ಎಂದು ಬೇಡುವುದನ್ನು ತೋರಿಸುತ್ತದೆ. ಆದರೆ ಪ್ರಷ್ಯನ್ನರು ಕಾದಾಡಿದ್ದನ್ನು ತೋರಿಸುವುದಿಲ್ಲ. ನಿಜದಲ್ಲಿ ನಾಲ್ಕೂವರೆಯ ಹೊತ್ತಿಗೆ ಪ್ರಷ್ಯನ್ ಸೇನಾನಿ ಬ್ಯೂಲೋನ ಪಡೆ ನೆಪೋಲಿಯನ್ನನ ಬಲ ಮಗ್ಗುಲಿಗೆ ಬಿದ್ದಾಗಿತ್ತು. ಪ್ಲಾನ್ಸೆನ್ವಾ ಎಂಬ ಹಳ್ಳಿಯ ಚರ್ಚು, ಸ್ಮಶಾನ, ಬೀದಿಗಳು ಕೈಯಿಂದ ಕೈಗೆ ಬದಲಾದವು. ಅದನ್ನು ಉಳಿಸಿಕೊಳ್ಳಲು ಫ್ರೆಂಚ್ ಸೇನಾನಿ ಲೋಬೋನ ಪಡೆ, ಆಮೇಲೆ ನೆಪೋಲಿಯನ್ನನ ಆಯ್ದ ಪಡೆಯಾದ ಇಂಪೀರಿಯಲ್ ಗಾರ್ಡಿನ ಯಂಗ್ ಗಾರ್ಡ್, ಕೊನೆಗೆ ಓಲ್ಡ್ ಗಾರ್ಡಿನ ಎರಡು ಬೆಟಾಲಿಯನ್ ಹೋಗಬೇಕಾಯಿತು. ಸಂಜೆ ಏಳೂವರೆಗೆ ಇಂಪೀರಿಯಲ್ ಗಾರ್ಡ್ ದಿಬ್ಬದ ಕಡೆ ಹೊರಟಾಗ ಕೆಲವೇ ಬೆಟಾಲಿಯನ್ ಯಾಕೆ ಹೊರಟವು ಎಂಬುದಕ್ಕೆ ಉತ್ತರ ಇಲ್ಲಿದೆ. ಉಳಿದವರಲ್ಲಿ ಬಹಳಷ್ಟು ಮಂದಿ ಪ್ಲಾನ್ಸೆನ್ವಾದಲ್ಲಿ ಸಿಕ್ಕಿಬಿದ್ದಿದ್ದರು. ಆ ಹಳ್ಳಿಯನ್ನು ಕೈಬಿಟ್ಟದ್ದರಿಂದ, ಕಾಳಗ ಸೋತದ್ದು ಯಾಕೆ ಎಂಬ ಪ್ರಶ್ನೆಗೆ ಸಿನಿಮಾದಲ್ಲಿ ಉಳಿಯುವ ಉತ್ತರ ನೇಯ ಆತುರ ಮತ್ತು ನೆಪೋಲಿಯನ್ನನ ಹೊಟ್ಟೆನೋವು. ಕೊನೆಯಲ್ಲಿ ದಿಗಂತದಲ್ಲಿ ಕಪ್ಪು ಗೆರೆಯಾಗಿ ಬರುವ ಪ್ರಷ್ಯನ್ನರು ನಾಟಕದ ಕೊನೆಯ ಅಂಕದಲ್ಲಿ ಪ್ರತ್ಯಕ್ಷವಾಗುವ ದೇವರ ಹಾಗೆ ಕಾಣುತ್ತಾರೆ. ಮೂರು ಗಂಟೆ ರಕ್ತ ಸುರಿಸಿದವರಿಗೆ ಇದು ಅನ್ಯಾಯ. ನೋಡುವವರಿಗೂ ಅನ್ಯಾಯವೇ, ಏಕೆಂದರೆ ಎರಡೂ ಕಡೆಯ ಉಸಿರುಗಟ್ಟುವ ಓಟ ಆ ಹಳ್ಳಿಯಲ್ಲಿತ್ತು.

ಇದೇ ಜಾತಿಯ ಇನ್ನೊಂದು ಲೋಪ ವೆಲ್ಲಿಂಗ್ಟನ್ ಸೈನ್ಯದ್ದು. ಅವನ 68,000 ಜನರಲ್ಲಿ ಬ್ರಿಟಿಷರು ಸುಮಾರು 25,000. ಉಳಿದವರು ಡಚ್ಚರು, ಬೆಲ್ಜಿಯನ್ನರು, ಹ್ಯಾನೋವರ್, ಬ್ರನ್ಸ್‌ವಿಕ್, ನಸಾವು ಕಡೆಯ ಜರ್ಮನರು. ತೆರೆಯ ಮೇಲೆ ಹೆಚ್ಚುಕಡಿಮೆ ಕೆಂಪು ಕೋಟು, ಸ್ಕಾಟಿಷ್ ಲಂಗ, ಐರಿಷ್ ಮಾತು ಇಷ್ಟೇ. ಲಾ ಹೇ ಸೇಂಟ್ ತೋಟದಮನೆಯನ್ನು ಹಿಡಿದು ನಿಂತವರು ಕಿಂಗ್ಸ್ ಜರ್ಮನ್ ಲೀಜನ್ನಿನ ಸುಮಾರು 400 ಜನ, ಮೇಜರ್ ಬ್ಯಾರಿಂಗ್ ನಾಯಕತ್ವದಲ್ಲಿ. ಅವರ ರೈಫಲ್‌ಗೆ ಬೇಕಾದ ಮದ್ದುಗುಂಡು ಎಷ್ಟು ಸಲ ಕೇಳಿದರೂ ಬರಲಿಲ್ಲ. ಸಂಜೆ ಆರರ ನಂತರ ತೋಟದಮನೆ ಬಿತ್ತು, ಆಗ ಅವನ ಜೊತೆ ಉಳಿದಿದ್ದವರು ಐವತ್ತಕ್ಕೂ ಕಡಿಮೆ. ಇಷ್ಟು ಗಟ್ಟಿಯಾದ ಸಂಗತಿ ಸಿದ್ಧವಾಗಿ ಕೈಯಲ್ಲಿದ್ದೂ ಸಿನಿಮಾ ಅದನ್ನು ಮುಟ್ಟಿ ಮುಂದೆ ಹೋಗುತ್ತದೆ. ದಿನವಿಡೀ ನಡೆದ ಹೂಗೊಮೊಂಟ್ ಕೋಟೆಮನೆಯ ಹೋರಾಟಕ್ಕೂ ಕೆಲವೇ ನಿಮಿಷ. ಜೂನ್ 16ರ ಕಾತ್ರ್ ಬ್ರಾ, ಲಿನ್ಯಿ ಕಾಳಗಗಳ ಗತಿಯೂ ಅದೇ.

ಉಳಿಸಿದ ಆ ನಿಮಿಷಗಳು ಹೋದದ್ದೆಲ್ಲಿಗೆ? ಡಚೆಸ್‌ಳ ಮಗಳು ಮತ್ತು ತರುಣ ಅಧಿಕಾರಿ ಲಾರ್ಡ್ ಹೇ ನಡುವಿನ ಪ್ರೀತಿಗೆ. ಅದು ಬೆಳೆಯುವುದೂ ಇಲ್ಲ, ಬಾಡುವುದೂ ಇಲ್ಲ. ನಿಜವಾದ ಹೇ ಸತ್ತದ್ದು ಜೂನ್ 16ರಂದು ಕಾತ್ರ್ ಬ್ರಾದಲ್ಲಿ. ಸಿನಿಮಾ ಅವನನ್ನು ವಾಟರ್‌ಲೂವರೆಗೆ ಬದುಕಿಸಿ ಕೊಲ್ಲುತ್ತದೆ. ಚೌಕದೊಳಗಿಂದ ಒಬ್ಬ ಎಳೆಯ ಸೈನಿಕ ಹೊರಗೆ ಓಡಿ, ನಾವು ಯಾಕೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದೇವೆ ಎಂದು ಕೂಗುವ ದೃಶ್ಯದ ಬಗ್ಗೆ ಎರಡು ಅಭಿಪ್ರಾಯ ಇವೆ. ಚೌಕದೊಳಗೆ ಗಂಟೆಗಟ್ಟಲೆ ನಿಂತವನ ತಲೆ ಕೆಡುವುದು ನಂಬುವಂಥದ್ದೇ. ಆದರೆ ಅವನ ಬಾಯಿಗೆ ತುರುಕಿದ ಮಾತು 1815ರ ಸೈನಿಕನದಲ್ಲ. ಬರಿಯ ಕಿರುಚಾಟ ಸಾಕಿತ್ತು.

ತಾಂತ್ರಿಕವಾಗಿ ಮೂರು ಕಡೆ ಎಡವಿದೆ. ಒಂದು, ಡಬ್ಬಿಂಗ್. ಬ್ಲೂಷರ್ ಪಾತ್ರ ಮಾಡಿದ ಜಾರ್ಜಿಯದ ಸೆರ್ಗೊ ಜಕಾರಿಯಾಡ್ಜೆ ಅವರಂಥ ಒಳ್ಳೆಯ ನಟರ ತುಟಿಯೇ ಬೇರೆ, ದನಿಯೇ ಬೇರೆ. ಇಂಗ್ಲಿಷ್, ಇಟಾಲಿಯನ್, ರಷ್ಯನ್, ಫ್ರೆಂಚ್ ನಟರೆಲ್ಲ ಒಂದೇ ಮೇಜಿನ ಸುತ್ತ ನಿಂತ ದೃಶ್ಯಗಳಲ್ಲಿ ದನಿಗಳು ಒಂದೇ ಕೋಣೆಯವು ಎನಿಸುವುದಿಲ್ಲ. ಎರಡು, ಮನಸ್ಸಿನ ಮಾತು. ನೆಪೋಲಿಯನ್, ವೆಲ್ಲಿಂಗ್ಟನ್ ಇಬ್ಬರ ಮನಸ್ಸಿನೊಳಗಿನ ಮಾತನ್ನೂ ಹಿನ್ನೆಲೆಯಲ್ಲಿ ಕೇಳಿಸುತ್ತಾರೆ. ಮುಖವೇ ಹೇಳಿಯಾದ ಮೇಲೆ ಅದನ್ನೇ ಮತ್ತೆ ಕೇಳಬೇಕಾಗುತ್ತದೆ. ಮೂರು, ಹೊಗೆ. ಕರಿಮದ್ದಿನ ಕಾಳಗದಲ್ಲಿ ಹೊಗೆ ಇರಲೇಬೇಕು, ನಿಜದ ಸೈನಿಕರಿಗೂ ಹತ್ತು ಮಾರು ಆಚೆ ಕಾಣುತ್ತಿರಲಿಲ್ಲ. ಆದರೆ ಕೊನೆಯ ಅರ್ಧ ಗಂಟೆಯಲ್ಲಿ ಹೊಗೆಯ ನಡುವೆ ಚುರುಕಾಗಿ ಕತ್ತರಿಸಿದ ಶಾಟ್‌ಗಳು ಬಂದು, ಯಾರು ಯಾವ ದಿಕ್ಕಿಗೆ ಹೋಗುತ್ತಿದ್ದಾರೆ ಎಂಬುದು ತಪ್ಪಿಹೋಗುತ್ತದೆ. ಬ್ರಿಟಿಷ್ ಗಾರ್ಡ್ಸ್ ಪೈರಿನೊಳಗಿಂದ ಒಮ್ಮೆಲೇ ಎದ್ದು ನಿಲ್ಲುವ ಗಳಿಗೆ ಚೆನ್ನಾಗಿದೆ. ಆದರೆ ಇಂಪೀರಿಯಲ್ ಗಾರ್ಡ್ ಹಿಂದೆ ಸರಿದದ್ದು, ಆ ಸುದ್ದಿಗೆ ಇಡೀ ಫ್ರೆಂಚ್ ಸಾಲು ಕುಸಿದದ್ದು ಒಂದರ ಮೇಲೊಂದು ಬಿದ್ದು ಬೇರೆ ಬೇರೆಯಾಗಿ ತಿಳಿಯುವುದಿಲ್ಲ.

ಕೊನೆಯ ಹೊಲದ ದೃಶ್ಯಕ್ಕೆ ಮಾತ್ರ ತಲೆಬಾಗಬೇಕು. ಆ ದಿನ ಮೂರೂ ಸೈನ್ಯಗಳಲ್ಲಿ ಸತ್ತವರು, ಗಾಯಗೊಂಡವರು ಸೇರಿ ನಲವತ್ತೈದು ಸಾವಿರದ ಆಸುಪಾಸು. ವೆಲ್ಲಿಂಗ್ಟನ್ ಹೆಣಗಳ ನಡುವೆ ಕುದುರೆ ನಡೆಸಿಕೊಂಡು ಹೋಗುತ್ತಾನೆ, ಗೆದ್ದವನ ಮುಖದಲ್ಲಿ ಗೆಲುವಿನ ಕಳೆ ಇಲ್ಲ. ಅಷ್ಟರಲ್ಲೇ ಕೆಲವರು ಬಗ್ಗಿ ಹೆಣಗಳ ಜೇಬು ತಡಕುತ್ತಿದ್ದಾರೆ. ಇದು ಕಲ್ಪನೆಯಲ್ಲ, ವಾಟರ್‌ಲೂ ರಾತ್ರಿಯ ಬಗ್ಗೆ ಬರೆದಿಟ್ಟವರು ಈ ಸುಲಿಗೆಯನ್ನು ಬಿಡದೆ ಹೇಳಿದ್ದಾರೆ.

ಇಷ್ಟು ಹಣ ಸುರಿದೂ ಸಿನಿಮಾ ಟಿಕೆಟ್ ಕಿಟಕಿಯಲ್ಲಿ ಸೋತಿತು. ವಸ್ತ್ರವಿನ್ಯಾಸಕ್ಕೂ ಕಲಾ ನಿರ್ದೇಶನಕ್ಕೂ ಬಾಫ್ಟಾ ಪ್ರಶಸ್ತಿ ಬಂತು. ನೆಪೋಲಿಯನ್ ಬಗ್ಗೆ ವರ್ಷಗಟ್ಟಲೆ ತಯಾರಿ ಮಾಡಿಕೊಂಡಿದ್ದ ಸ್ಟ್ಯಾನ್ಲಿ ಕುಬ್ರಿಕ್ ಅವರ ಯೋಜನೆ ನಿಂತುಹೋಗಲು ಈ ಸೋಲೂ ಒಂದು ಕಾರಣವಾಯಿತು. 2023ರಲ್ಲಿ ಬಂದ ರಿಡ್ಲಿ ಸ್ಕಾಟ್ ಸಿನಿಮಾದಲ್ಲಿ ಇದೇ ಕಾಳಗ ಇದೆ. ಅಲ್ಲಿ ನೆಪೋಲಿಯನ್ ತಾನೇ ಕತ್ತಿ ಹಿರಿದು ಸವಾರರ ಜೊತೆ ನುಗ್ಗುತ್ತಾನೆ, ಅಂಥದ್ದು ನಡೆಯಲೇ ಇಲ್ಲ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಹಳೆಯದರ ತೂಕ ತಾನಾಗಿ ತಿಳಿಯುತ್ತದೆ.

ನೋಡುವವರಿಗೆ ಕೆಲವು ಮಾತು. ಮೊಬೈಲಿನಲ್ಲಿ ನೋಡಬೇಡಿ. ಚಿತ್ರ 2.35:1 ಅಗಲದ್ದು, ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಅದು ಬರಲೇಬೇಕು. ತೆರೆ ತುಂಬಲೆಂದು ಝೂಮ್ ಒತ್ತಿದರೆ ಎಡಬಲದ ಚೌಕಗಳು ಕತ್ತರಿಸಿಹೋಗುತ್ತವೆ, ಆಮೇಲೆ ನೋಡುವುದಕ್ಕೇನೂ ಉಳಿಯುವುದಿಲ್ಲ. ಸಬ್‌ಟೈಟಲ್ ಹಾಕಿಕೊಳ್ಳಿ. ಸ್ಟೈಗರ್ ಪಿಸುಮಾತು ಕೇಳಲೆಂದು ದನಿ ಏರಿಸಿದರೆ ಮರುಗಳಿಗೆ ಫಿರಂಗಿ ಸದ್ದಿಗೆ ಮನೆಮಂದಿ ಎದ್ದು ಕೂರುತ್ತಾರೆ. ಕೂರುವ ಮುಂಚೆ ಒಂದು ಹಾಳೆಯ ಮೇಲೆ ನಕ್ಷೆ ಗೀಚಿಕೊಳ್ಳಿ. ಮೇಲೆ ಒಂದು ಅಡ್ಡಗೆರೆ ವೆಲ್ಲಿಂಗ್ಟನ್ ದಿಬ್ಬ, ಕೆಳಗೊಂದು ಅಡ್ಡಗೆರೆ ನೆಪೋಲಿಯನ್ ದಿಬ್ಬ, ನಡುವಿನ ದೂರ ಒಂದೂಕಾಲು ಕಿಲೋಮೀಟರಿನಷ್ಟು. ಎರಡನ್ನೂ ಸೀಳಿಕೊಂಡು ಮೇಲಿನಿಂದ ಕೆಳಕ್ಕೆ ಬ್ರಸೆಲ್ಸ್ ರಸ್ತೆ. ಆ ರಸ್ತೆಯ ಮೇಲೆ, ಮೇಲಿನ ದಿಬ್ಬದ ಬುಡದಲ್ಲಿ ಲಾ ಹೇ ಸೇಂಟ್. ಎಡಗಡೆ ತಗ್ಗಿನಲ್ಲಿ ಹೂಗೊಮೊಂಟ್. ಬಲಗಡೆ ಕೆಳಗೆ, ನೆಪೋಲಿಯನ್ನನ ಬೆನ್ನ ಹಿಂದೆ, ಪ್ಲಾನ್ಸೆನ್ವಾ ಎಂದು ಬರೆದು, ಬಲತುದಿಯಿಂದ ಅದರ ಕಡೆಗೆ ಒಂದು ಬಾಣ ಎಳೆಯಿರಿ. ಅದು ಪ್ರಷ್ಯನ್ನರ ದಾರಿ. ಬಣ್ಣ ನೋಡಿ ಗುರುತು ಹಿಡಿಯುವಾಗ ಎಚ್ಚರ: ಕೆಂಪು ಬ್ರಿಟಿಷರದು ಸರಿ, ಆದರೆ ಫ್ರೆಂಚರದೂ ನೀಲಿ, ಪ್ರಷ್ಯನ್ನರದೂ ಕಡುನೀಲಿ. ಮೊದಲ ಸಲ ನೋಡುವವರು ಕೊನೆಯಲ್ಲಿ ತಬ್ಬಿಬ್ಬಾಗುವುದು ಇಲ್ಲೇ.

ಕುದುರೆ ದಳದ ದಾಳಿ ಶುರುವಾದ ಕೂಡಲೇ ಹಾಳೆಯ ಮೂಲೆಯಲ್ಲಿ ನಾಲ್ಕು ಗಂಟೆ ಎಂದು ಬರೆದುಕೊಳ್ಳಿ. ಇಂಪೀರಿಯಲ್ ಗಾರ್ಡ್ ಹೊರಟಾಗ ಏಳೂವರೆ ಎಂದು ಬರೆಯಿರಿ. ತೆರೆಯ ಮೇಲೆ ಅವೆರಡರ ನಡುವೆ ಹೋಗುವುದು ಕೆಲವೇ ನಿಮಿಷ. ನಿಜದ ಆ ಮೂರೂವರೆ ಗಂಟೆಯ ಬಹುಪಾಲು ಹೊತ್ತು ಆ ಬಾಣದ ತುದಿಯಲ್ಲಿ ಒಂದು ಹಳ್ಳಿ ಉರಿಯುತ್ತಿತ್ತು.